ದುರ್ಗಾದೇವಿಯ ಎಂಟು ಪ್ರತಿಗಳು

2009ರ ಜೂನ್ ಮೊದಲ ವಾರ ದುರ್ಗಾದೇವಿ ಗಂಗಾವತಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಳು. ನೂರಾ ಎಂಬತ್ತು ಪುಟಗಳ ಝರಾಕ್ಸ್ ಪ್ರತಿ, ಸ್ಪೈರಲ್ ಬೈಂಡಿಂಗ್, ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಕೆ. ವೆಬ್‌ಸೈಟ್ ಕಟ್ಟುವುದನ್ನು ಕನ್ನಡದಲ್ಲಿ ಹೇಳಿಕೊಡುವ ಪುಸ್ತಕ ಅದು. ಆಕೆಯೇ ಬರೆದದ್ದು.

"ಇನ್ನೂ ಅಚ್ಚಿಗೆ ಕೊಟ್ಟಿಲ್ರಿ ಸರ್. ಎಂಟು ಪ್ರತಿ ಮಾಡ್ಸೇನಿ, ಎಂಟು ಮಂದಿಗೆ ಕೊಡಾಕತ್ತೇನಿ. ಓದಿ ಎಲ್ಲಿ ತಪ್ಪೈತಿ ಹೇಳ್ರಿ. ಛಲೋ ಐತಿ ಅಂತ ಹೇಳೋದು ಮಾತ್ರ ಬ್ಯಾಡ್ರಿ" ಎಂದಳು.

ಪುಸ್ತಕದ ಕೊನೆಗೆ ಒಂದು ಹಾಳೆ ಸೇರಿಸಿದ್ದಳು. ಅದರಲ್ಲಿ ಮೂರೇ ಪ್ರಶ್ನೆ. ಓದುತ್ತ ಎಲ್ಲಿ ನಿಂತಿರಿ? ಯಾವ ಸಾಲು ಹೇಳಿದಂತೆ ನಡೆಯಲಿಲ್ಲ? ಯಾವ ಮಾತು ತಿಳಿಯಲಿಲ್ಲ? ಒಂದು ತಿಂಗಳೊಳಗೆ ತುಂಬಿ ಕೊಡಬೇಕು.

ನಾನು ಆಗಲಿ ಎಂದೆ. ಅದರ ಮೇಲೆ ಮಧ್ಯಾಹ್ನ ಉತ್ತರಪತ್ರಿಕೆಗಳ ಕಟ್ಟು ಬಂತು, ಮರುದಿನ ಇನ್ನೊಂದು ಕಟ್ಟು. ಮುಂದೆ ನಡೆದದ್ದರಲ್ಲಿ ನನ್ನ ಪಾಲು ಹೆಮ್ಮೆಪಡುವಂಥದ್ದಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ.

ದುರ್ಗಾದೇವಿ ಸಿದ್ದಾಪುರದವಳು. ಅಪ್ಪ ಅಯ್ಯಪ್ಪ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ, ಅವ್ವ ಮಾರೆವ್ವ ಭತ್ತ ನಾಟಿಗೆ ಹೋಗುವವಳು. ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ, ಅಂದರೆ 1997ರಲ್ಲಿ, ಆಕೆ ಪಿಯುಸಿ ಓದುತ್ತಿದ್ದಳು. ಹೊಸ ಜಿಲ್ಲೆ, ಹೊಸ ಕಚೇರಿ, ಕಂಪ್ಯೂಟರ್ ಬಲ್ಲವರಿಗೆ ಕೆಲಸ ಸಿಗುತ್ತದೆ ಎಂದು ಎಲ್ಲರೂ ಅಂದರು. ಗಂಗಾವತಿ ಬಸ್ ನಿಲ್ದಾಣದ ಹಿಂದಿನ ಒಂದು ತರಬೇತಿ ಕೇಂದ್ರಕ್ಕೆ ಸೇರಿದಳು. ಕಚೇರಿ ಕೆಲಸ ಸಿಗಲಿಲ್ಲ. ಕಲಿಸಿದವರೇ "ಇಲ್ಲೇ ಇರವಾ, ಬಂದಾವ್ರಿಗೆ ಕಲಿಸು" ಎಂದರು. ಅಲ್ಲೇ ಉಳಿದಳು.

ಟೈಪಿಂಗು, ಲೆಕ್ಕದ ಸಾಫ್ಟ್‌ವೇರು ಇವು ಕೇಂದ್ರದ ದಿನದ ಪಾಠ. ವೆಬ್‌ಸೈಟ್ ಮಾಡುವುದನ್ನು ಆಕೆ ತಾನಾಗಿಯೇ ಕಲಿತಳು. ಕಾರಟಗಿಯ ಗಿರಣಿ ಮಾಲೀಕರೊಬ್ಬರಿಗೆ ಅಕ್ಕಿಯ ದಿನದ ದರ ತೋರಿಸುವ ವೆಬ್‌ಸೈಟ್ ಮಾಡಿಕೊಟ್ಟ ಮೇಲೆ ನಮಗೂ ಕಲಿಸಿ ಎಂದು ಹತ್ತಾರು ಮಂದಿ ಬಂದರು. ಅಲ್ಲಿ ತೊಡಕು ಶುರುವಾಯಿತು. ಇದ್ದ ಪುಸ್ತಕಗಳೆಲ್ಲ ಇಂಗ್ಲಿಷಿನವು, ಇಟ್ಟಿಗೆಯಷ್ಟು ದಪ್ಪ. ಕಲಿಯುವವರು ಸಾಲುಗಳನ್ನು ಪರೀಕ್ಷೆಗೆ ಕಂಠಪಾಠ ಮಾಡಿದಂತೆ ಮಾಡುತ್ತಿದ್ದರು. ಒಂದು ಸಾಲು ಮರೆತರೆ ಮುಂದೆ ಕೈ ಓಡುತ್ತಿರಲಿಲ್ಲ.

"ಕಂಪ್ಯೂಟರಿಗೆ ಬರಿಯೋ ಸಾಲಿಗೆ ಅವ್ರು ಅಂಜೂದಿಲ್ರಿ ಸರ್" ಎಂದು ಒಮ್ಮೆ ನನಗೆ ಹೇಳಿದ್ದಳು. "ಆ ಸಾಲು ಏನಂತ ಬಿಡಿಸಿ ಹೇಳೋ ಇಂಗ್ಲಿಷ್‌ಗೆ ಅಂಜ್ತಾರ."

ಅದಕ್ಕೇ ಬರೆಯತೊಡಗಿದಳು. ನಾಲ್ಕು ವರ್ಷ, ಐದು ದಪ್ಪ ನೋಟ್‌ಬುಕ್. ಪ್ರತಿ ಪಾಠದ ಸಾಲುಗಳನ್ನು ಕೇಂದ್ರದ ಕಂಪ್ಯೂಟರಿನಲ್ಲಿ ತಾನೇ ಟೈಪ್ ಮಾಡಿ, ಪರದೆಯ ಮೇಲೆ ಸರಿಯಾಗಿ ಬಂತೆಂದು ನೋಡಿಯೇ ನೋಟ್‌ಬುಕ್ಕಿಗೆ ಇಳಿಸಿದ್ದಳು. ಪಾರಿಭಾಷಿಕ ಪದಗಳಿಗೆ ನನ್ನನ್ನು ಕೇಳಿದಳು. ನಾನು ಕನ್ನಡ ಅಧ್ಯಾಪಕ, ಉತ್ಸಾಹದಿಂದ ಕೊಟ್ಟೆ. ಬ್ರೌಸರಿಗೆ 'ಜಾಲವೀಕ್ಷಕ', ವೇರಿಯಬಲ್ಲಿಗೆ 'ಚರಾಂಶ', ಸರ್ವರಿಗೆ 'ಪರಿಚಾರಕ ಗಣಕ'. ಆಕೆ ಬರೆದುಕೊಂಡಳು.

ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಲು ತನ್ನ ಹೈಸ್ಕೂಲಿನ ಮೇಷ್ಟ್ರು ಬಾಲಪ್ಪನವರಿಗೆ ಟೈಪ್ ಮಾಡಿಸಿದ ಕರಡು ಕೊಟ್ಟಿದ್ದಳು. ಅವರು ನಿವೃತ್ತರಾಗಿ ಸಿದ್ದಾಪುರದಲ್ಲೇ ಇದ್ದರು. ಎರಡು ವಾರ ಕೂತು ಕೆಂಪು ಶಾಯಿಯಲ್ಲಿ ತಿದ್ದಿದರು. ಡಿಟಿಪಿ ಮಾಡುವ ವಿರುಪಾಕ್ಷಿ ಆ ಕೆಂಪು ಗುರುತು ನೋಡಿ ಕಂಪ್ಯೂಟರಿನಲ್ಲಿ ತಿದ್ದಿದ. ದುರ್ಗಾದೇವಿ ಕೊನೆಯ ಸಲ ಕನ್ನಡದ ಭಾಗವನ್ನಷ್ಟೇ ಓದಿದಳು. ಕಂಪ್ಯೂಟರಿನ ಸಾಲುಗಳನ್ನು ಮತ್ತೆ ನೋಡಲಿಲ್ಲ. ಅವನ್ನು ಆಗಲೇ ಪರೀಕ್ಷೆ ಮಾಡಿಯಾಗಿತ್ತಲ್ಲ.

ಜೂನ್ ಮುಗಿಯಿತು. ಒಂದು ಹಾಳೆಯೂ ವಾಪಸ್ ಬರಲಿಲ್ಲ.

ಜುಲೈನಲ್ಲಿ ಆಕೆ ತಾನೇ ಒಬ್ಬೊಬ್ಬರ ಬಾಗಿಲಿಗೆ ಹೋದಳು. ಕೊಪ್ಪಳದ ಕಚೇರಿಯೊಂದರ ಅಧಿಕಾರಿ "ಒಳ್ಳೆಯ ಪ್ರಯತ್ನ, ಅಭಿನಂದನೆ" ಎಂದು ಹಾಳೆಯ ಮೇಲೆ ಅಡ್ಡಡ್ಡ ಬರೆದು ಸಹಿ ಮಾಡಿ, ಸೀಲು ಕೂಡ ಒತ್ತಿ ಕೊಟ್ಟರು. ಮೂರು ಪ್ರಶ್ನೆ ಹಾಗೇ ಖಾಲಿ. ಕಂಪ್ಯೂಟರ್ ಕಲಿಸುವ ಅಧ್ಯಾಪಕರೊಬ್ಬರು ಹೊದಿಕೆ ಕೂಡ ತೆರೆಯದೆ ವಾಪಸ್ ಕೊಟ್ಟರು. ಇಂಗ್ಲಿಷ್ ಬಾರದವರು ಈ ಕೆಲಸಕ್ಕೆ ಯಾಕೆ ಬರಬೇಕು ಎಂದು ಕೇಳಿದರಂತೆ. ಪ್ರಕಾಶಕರೊಬ್ಬರಿಗೂ ಒಂದು ಪ್ರತಿ ಹೋಗಿತ್ತು. ಅವರು ದೊಡ್ಡವರ ಮುನ್ನುಡಿ ಇದ್ದರೆ ನೋಡೋಣ ಎಂದರು. ಇನ್ನಿಬ್ಬರಿಗೆ ಪ್ರತಿ ಎಲ್ಲಿಟ್ಟೆವೆಂಬುದೇ ನೆನಪಿರಲಿಲ್ಲ. ಬಾಲಪ್ಪ ಮೇಷ್ಟ್ರು ಮಾತ್ರ ಹಾಳೆಯನ್ನು ಪೂರ್ತಿ ತುಂಬಿದ್ದರು: ಎಲ್ಲಿಯೂ ನಿಲ್ಲಲಿಲ್ಲ, ಎಲ್ಲ ಸಾಲೂ ಸರಿ ಇವೆ, ಎಲ್ಲ ಮಾತೂ ತಿಳಿದವು. ಅವರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ.

ನನ್ನ ಬಳಿಗೂ ಬಂದಳು. "ಓದಿದೆನವಾ, ಭಾಳ ಛಲೋ ಐತಿ" ಎಂದೆ.

ಆಕೆ ನನ್ನ ಮುಖ ನೋಡಿ, "ಎಲ್ಲಿ ನಿಂತ್ರಿ ಸರ್?" ಎಂದಳು.

"ಎಲ್ಲೂ ಇಲ್ಲ. ಸರಾಗ ಓದಿಸ್ಕೊಂಡು ಹೋತು."

ತಲೆಯಾಡಿಸಿ ಹೋದಳು. ಆ ಹೊತ್ತಿಗೆ ನನ್ನ ಪ್ರತಿ ನನ್ನಲ್ಲಿ ಇರಲೇ ಇಲ್ಲ. ಗಿಣಿಗೇರಾದಲ್ಲಿ ನನ್ನ ಅಕ್ಕನ ಮನೆ. ಒಂದು ಭಾನುವಾರ ಅಲ್ಲಿಗೆ ಹೋದಾಗ ಪುಸ್ತಕ ನನ್ನ ಚೀಲದಲ್ಲಿತ್ತು. ಪಕ್ಕದ ಮನೆಯ ಕಾಸೀಮಸಾಬ ಅದನ್ನು ತೆಗೆದು ತಿರುವಿ ಹಾಕಿ, "ಇದನ್ನ ನಾಕ ದಿನ ಕೊಡ್ರಿ" ಎಂದ. ಅವನು ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಲಾರಿ ತೂಗುವ ವೇಬ್ರಿಡ್ಜಿನ ಆಪರೇಟರ್. ನನಗೂ ಭಾರ ಇಳಿದಂತಾಗಿ ಕೊಟ್ಟುಬಿಟ್ಟಿದ್ದೆ.

ಎಂಟನೆಯ ಪ್ರತಿ ಅನುಷಾಳದು. ದುರ್ಗಾದೇವಿಗೆ ಎಲ್ಲರಿಗಿಂತ ಹೆಚ್ಚಿನ ಭರವಸೆ ಆಕೆಯ ಮೇಲೆ. ಕೇಂದ್ರದಲ್ಲಿ ಚುರುಕಾಗಿದ್ದ ಹುಡುಗಿ, ಮದುವೆಯಾಗಿ ಕುಷ್ಟಗಿಗೆ ಹೋಗಿದ್ದಳು. ಗಂಡ ಒಂದು ಹಳೆಯ ಕಂಪ್ಯೂಟರ್ ತಂದುಕೊಟ್ಟಿದ್ದ. ಆಗಸ್ಟ್ ಮೊದಲ ವಾರ ಆಕೆಯ ಹಾಳೆ ಅಂಚೆಯಲ್ಲಿ ಬಂತು. ಮೊದಲ ಪ್ರಶ್ನೆಯ ಎದುರು ಬರೆದಿದ್ದಳು: "ಪುಟ ಮೂವತ್ತೊಂದು. ಅಕ್ಷರ ಕೆಂಪಾಗಬೇಕು ಅಂತ ಬರೆದೀರಿ. ನಾನು ಎಷ್ಟು ಸಲ ಮಾಡಿದರೂ ಕಪ್ಪೇ ಬರುತ್ತದೆ. ನನಗೆ ಬುದ್ಧಿ ಸಾಲದು ಅಕ್ಕಾ. ಬಿಟ್ಟುಬಿಟ್ಟೆ."

ದುರ್ಗಾದೇವಿಗೆ ಸಿಟ್ಟು ಬಂತು. ಮೂವತ್ತೊಂದನೆಯ ಪುಟ ಇಡೀ ಪುಸ್ತಕದಲ್ಲಿ ಅತಿ ಸುಲಭದ ಪಾಠ. ಕೇಂದ್ರದಲ್ಲಿ ಮೂರನೆಯ ದಿನ ಎಲ್ಲರೂ ಮಾಡುತ್ತಿದ್ದದ್ದು. "ಲಕ್ಷ್ಯ ಕೊಟ್ಟು ಟೈಪ್ ಮಾಡಿಲ್ಲ ಆಕಿ" ಎಂದು ನನ್ನೆದುರು ಗೊಣಗಿದಳು. ಅನುಷಾಗೆ ಪತ್ರ ಬರೆದಳು: ಇನ್ನೊಮ್ಮೆ ಗಮನವಿಟ್ಟು ಮಾಡು. ಉತ್ತರ ಬರಲಿಲ್ಲ.

ಆಮೇಲೆ ಕಾಸೀಮಸಾಬನ ನೋಟ್‌ಬುಕ್ ಬಂತು.

ಪುಸ್ತಕದ ಮೇಲಿದ್ದ ಕೇಂದ್ರದ ವಿಳಾಸ ನೋಡಿ ನೇರವಾಗಿ ಆಕೆಗೇ ಕಳಿಸಿದ್ದ, ಪ್ರತಿ ನನ್ನಿಂದ ಸಿಕ್ಕಿದ್ದೆಂದೂ ಬರೆದಿದ್ದ. ನೂರು ಪುಟದ ಗೀಟಿನ ನೋಟ್‌ಬುಕ್. ಅದನ್ನು ಹಿಡಿದುಕೊಂಡೇ ದುರ್ಗಾದೇವಿ ಸ್ಟಾಫ್ ರೂಮಿಗೆ ಬಂದಳು. ಕೂರು ಎಂದರೂ ಕೂರಲಿಲ್ಲ.

"ಸರ್, ನಿಮ್ಮ ಪ್ರತಿ ಎಲ್ಲೈತ್ರಿ?"

ನಾನು ಕಪಾಟಿನ ಕಡೆ ನೋಡಿದೆ.

"ಅಲ್ಲಿಲ್ರಿ ಅದು. ಗಿಣಿಗೇರಾದಾಗ ಐತಿ. ಒಂದ ಮಾತು ಹೇಳಿದ್ರ ಆಗ್ತಿತ್ತಲ್ರಿ, ಓದಿಲ್ಲ ಅಂತ. ನಾನೇನ ಅಂತಿದ್ದೆ?"

ಆಕೆ ನೋಟ್‌ಬುಕ್ ನನ್ನ ಮುಂದೆ ಇಟ್ಟಳು. ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಹೀಗಿತ್ತು: "ಪುಸ್ತಕ ಬರದಾವ್ರಿಗೆ ನಮಸ್ಕಾರ. ನೀವು ಬರದದ್ದನ್ನ ನೀವ ಒಮ್ಮಿ ಮಾಡಿ ನೋಡೀರೇನ್ರಿ?"

ಅದರ ಕೆಳಗೆ ನಲವತ್ತಮೂರು ತಪ್ಪುಗಳು. ಪುಟ, ಸಾಲು, ಬರೆದದ್ದು ಏನು, ಪರದೆಯ ಮೇಲೆ ಬಂದದ್ದು ಏನು ಎಂದು ಲಾರಿಯ ತೂಕದ ಚೀಟಿ ಬರೆದಷ್ಟೇ ಅಚ್ಚುಕಟ್ಟಾಗಿ ಬರೆದಿದ್ದ. ಮೊದಲನೆಯದೇ ಪುಟ ಮೂವತ್ತೊಂದು. ಬಣ್ಣಕ್ಕೆ ಬಳಸುವ 'ಕಲರ್' ಎಂಬ ಮಾತಿಗೆ ಪುಸ್ತಕದಲ್ಲಿ ಒಂದು 'ಯು' ಹೆಚ್ಚಿಗೆ ಇದೆ. ಅದನ್ನು ತೆಗೆದರೆ ಅಕ್ಷರ ಕೆಂಪಾಗುತ್ತದೆ. ಇದನ್ನು ಕಂಡುಹಿಡಿಯಲು ಹನ್ನೊಂದು ದಿನ ಹಿಡಿಯಿತು ಎಂದು ಪಕ್ಕದಲ್ಲಿ ಬರೆದಿದ್ದ.

ದುರ್ಗಾದೇವಿ ನಮ್ಮ ಕಾಲೇಜಿನ ಕಂಪ್ಯೂಟರಿನಲ್ಲೇ ಆ ಸಾಲನ್ನು ಪುಸ್ತಕ ನೋಡಿ ಒಂದೊಂದೇ ಅಕ್ಷರ ಟೈಪ್ ಮಾಡಿದಳು. ಅಕ್ಷರ ಕಪ್ಪಗೇ ಉಳಿಯಿತು. ತಪ್ಪಿದೆ ಎಂದು ಕಂಪ್ಯೂಟರ್ ಹೇಳುವುದೂ ಇಲ್ಲ, ತಿಳಿಯದ ಮಾತನ್ನು ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. 'ಯು' ತೆಗೆದಳು. ಕೆಂಪಾಯಿತು.

ಆಕೆಯ ಮೂಲ ನೋಟ್‌ಬುಕ್ಕಿನಲ್ಲಿ 'ಯು' ಇರಲಿಲ್ಲ. ಕಂಪ್ಯೂಟರಿಗೆ ಬೇಕಾದದ್ದು ಅಮೆರಿಕದ ಸ್ಪೆಲ್ಲಿಂಗ್, ಬಾಲಪ್ಪ ಮೇಷ್ಟ್ರು ಕಲಿಸಿದ್ದು ಬ್ರಿಟಿಷರದು, ಅವರ ಕೆಂಪು ಶಾಯಿ ಅದನ್ನು ಸೇರಿಸಿತ್ತು. ಒಂದು ಕಡೆ ಅವರು ತಿದ್ದಿದ್ದನ್ನು ವಿರುಪಾಕ್ಷಿ ಒಂದೇ ಗುಂಡಿ ಒತ್ತಿ ಪುಸ್ತಕದ ತುಂಬ ತಿದ್ದಿದ್ದ. 'ಸೆಂಟರ್' ಎಂಬ ಮಾತಿನ ಕೊನೆಯ ಎರಡು ಅಕ್ಷರ ಅದಲುಬದಲಾಗಿದ್ದವು. ಕೆಲವು ಸಾಲಿನ ಕೊನೆಗೆ ಇರಲೇಬೇಕಾದ ಅರ್ಧವಿರಾಮ ಹೋಗಿ ಪೂರ್ಣವಿರಾಮ ಬಂದಿತ್ತು.

ಆಕೆ ಅಲ್ಲಿಂದಲೇ ಕುಷ್ಟಗಿಗೆ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ.

"ಅನುಷಾ, ಮೂವತ್ತೊಂದನೇ ಪುಟದಾಗ ತಪ್ಪು ನಿಂದಲ್ಲವಾ. ನಂದು. ಪುಸ್ತಕದಾಗನ ತಪ್ಪೈತಿ."

ಆ ಕಡೆಯ ಮಾತು ಸಣ್ಣಗೆ ಕೇಳಿಸುತ್ತಿತ್ತು. "ಹೌದೇನ್ರಿ ಅಕ್ಕಾ. ಇರಲಿ ಬಿಡ್ರಿ."

"ಒಂದ ಅಕ್ಷರ ತಗದ್ರ ಆತು. ಈಗ ಮಾಡಿ ನೋಡು."

"ಕಂಪ್ಯೂಟರ್ ಇಲ್ರಿ ಅಕ್ಕಾ. ಆಕಿಗೆ ಬರೂದಿಲ್ಲ, ಸುಮ್ನ ಯಾಕ ಇಟ್ಕೋಬೇಕು ಅಂತ ನಮ್ಮನಿಯವ್ರು ಅವ್ರ ಗೆಳೆಯಗ ಕೊಟ್ಟು ಕಳಿಸ್ಯಾರ. ನಾನೂ ಹೂಂ ಅಂದೆ."

ದುರ್ಗಾದೇವಿ ಫೋನ್ ಇಟ್ಟು ಎದ್ದು ಹೋದಳು.

ಮರುದಿನವೇ ಸಿದ್ದಾಪುರಕ್ಕೆ ಹೋಗಿ ಮೇಷ್ಟ್ರನ್ನು ಕಂಡಳು. ಆ ಭೇಟಿಯನ್ನು ಎಷ್ಟೋ ಸಲ ನನಗೆ ಹೇಳಿದ್ದಾಳೆ, ಪ್ರತಿ ಸಲವೂ ಅಷ್ಟೇ ಸಿಟ್ಟಿನಿಂದ. ಮೇಷ್ಟ್ರು ಪಡಸಾಲೆಯಲ್ಲಿ ಕೂರಿಸಿ, ಮೂವತ್ತೊಂದನೆಯ ಪುಟವನ್ನು ಕನ್ನಡಕ ಹಾಕಿಕೊಂಡು ನೋಡಿ, "ಇದು ಸರಿ ಐತಲ್ಲವಾ" ಎಂದರು.

"ಕಂಪ್ಯೂಟರಿನ್ಯಾಗ ಯು ಇರಬಾರದ್ರಿ ಸರ್."

"ಇಂಗ್ಲಿಷ್‌ನ್ಯಾಗ ಇರಬೇಕು. ನಾನು ಮೂವತ್ತಾರು ವರ್ಷ ಕಲಿಸೇನಿ. ನಿನಗೂ ಕಲಿಸೇನಿ."

"ಇದು ಇಂಗ್ಲಿಷ್ ಅಲ್ರಿ, ಕಂಪ್ಯೂಟರಿಗೆ ಹೇಳೋ ಮಾತು. ಅದಕ್ಕ ಹಂಗ ಬರದ್ರನ ತಿಳಿಯೋದು."

"ಹಂಗಾರ ಕಂಪ್ಯೂಟರ್ ತಪ್ಪು ಕಲ್ತೈತಿ" ಎಂದು ಮೇಷ್ಟ್ರು ಪುಸ್ತಕ ಮುಚ್ಚಿದರು. "ತಪ್ಪು ಸ್ಪೆಲ್ಲಿಂಗ್ ಇಟ್ಟು ಅಚ್ಚು ಹಾಕ್ಸೋದಿದ್ರ ನನ್ನ ಹೆಸರು ಅದರಾಗ ಹಾಕಬ್ಯಾಡವಾ."

ಅವರ ಮೇಲೆ ಕೂಗಾಡುವಂತಿರಲಿಲ್ಲ, ಅಕ್ಷರ ಕಲಿಸಿದವರು. ಅನುಷಾಳ ಸುದ್ದಿ ಹೇಳಿದಳಂತೆ. ಲಕ್ಷ್ಯ ಇಲ್ಲದವರು ಎಲ್ಲ ಕಾಲದಲ್ಲೂ ಇರುತ್ತಾರೆ ಎಂದರಂತೆ ಮೇಷ್ಟ್ರು. ತಾನೂ ಮೊದಲು ಅದೇ ಮಾತು ಆಡಿದ್ದು ನೆನಪಾಗಿ ದುರ್ಗಾದೇವಿ ಎದ್ದು ಬಂದಳು.

ಮುಂದಿನ ಭಾನುವಾರ ಆಕೆಯನ್ನು ನಾನೇ ಗಿಣಿಗೇರಾಕ್ಕೆ ಕರೆದುಕೊಂಡು ಹೋದೆ. ಅಷ್ಟಾದರೂ ಮಾಡಬೇಕಿತ್ತು. ಕಾಸೀಮಸಾಬ ಪಾಳಿಯಲ್ಲಿದ್ದ, ಕಾರ್ಖಾನೆಯ ಗೇಟಿನ ಹತ್ತಿರದ ವೇಬ್ರಿಡ್ಜ್ ಕೋಣೆಗೆ ನಮ್ಮನ್ನು ಬಿಟ್ಟರು. ಕಿಟಕಿ, ಕುರ್ಚಿ, ಕೀಬೋರ್ಡು ಎಲ್ಲದರ ಮೇಲೂ ಕೆಂಪು ಅದಿರಿನ ಧೂಳು. ನಲವತ್ತು ದಾಟಿದ ಸಣಕಲು ಮನುಷ್ಯ. ಓದಿದ್ದು ಏಳನೆಯ ತರಗತಿ. ಕಂಪ್ಯೂಟರ್ ಕಲಿತದ್ದು ಆ ಕೋಣೆಯಲ್ಲೇ.

ಬರೆದಾಕೆ ಈಕೆಯೇ ಎಂದು ತಿಳಿದ ಮೇಲೂ ಅವನು ಹಿಂದೆ ಸರಿಯಲಿಲ್ಲ.

"ಕುಂದರ್ರಿ ಮೇಡಂ. ನೋಟ್‌ಬುಕ್ ಸಿಕ್ತೇನ್ರಿ? ಪರಿಚಾರಕ ಗಣಕ ಅಂದ್ರ ಯಾರ್ರಿ ಅದು? ಟ್ರೇನಿನ್ಯಾಗ ಚಾ ಕೊಡಾವನೇನು?"

ದುರ್ಗಾದೇವಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

"ಸರ್ವರ್‌ರಿ ಅದು" ಎಂದಳು.

"ಸರ್ವರ್ ಅಂತ ಬರದಿದ್ರ ತಿಳೀತಿತ್ತು. ಮತ್ತ ಐವತ್ತೆಂಟನೇ ಪುಟದಾಗ, ಸಾಫ್ಟ್‌ವೇರ್ ನೆಟ್‌ನಿಂದ ಇಳಿಸಿಕೊಳ್ರಿ ಅಂತೀರಿ. ಇಲ್ಲಿ ನೆಟ್ ಇಲ್ಲ. ನಮ್ಮನಿಯಾಗ ಕಂಪ್ಯೂಟರ ಇಲ್ಲ. ನೆಟ್ ಇಲ್ಲದಾವ ಅಲ್ಲಿಗೆ ಪುಸ್ತಕ ಮುಚ್ಚಬೇಕೇನ್ರಿ?"

"ನೀವೇನ ಮಾಡಿದ್ರಿ?"

"ಕೊಪ್ಪಳಕ್ಕ ಹೋಗಿ ಸಿ.ಡಿ. ಮಾಡಿಸ್ಕೊಂಡು ಬಂದೆ. ಎಲ್ಲಾರೂ ಹೋಗೂದಿಲ್ರಿ."

ಅಷ್ಟರಲ್ಲಿ ಲಾರಿ ಬಂತು, ತೂಗಿ ಚೀಟಿ ಕೊಟ್ಟ. ಮತ್ತೆ ತಿರುಗಿ ಕೂತ. ಎರಡು ಲಾರಿಗಳ ನಡುವೆ ಸಿಗುವ ಐದು, ಹತ್ತು ನಿಮಿಷಗಳಲ್ಲೇ ಅವನು ಇಡೀ ಪುಸ್ತಕ ಮಾಡಿದ್ದ. ಸಂಜೆಯವರೆಗೆ ಇಬ್ಬರೂ ನಲವತ್ತಮೂರು ತಪ್ಪುಗಳನ್ನು ಒಂದೊಂದಾಗಿ ನೋಡಿದರು. ಏಳು ತಪ್ಪು ಅವನವೇ. ಆಕೆ ತೋರಿಸಿದಾಗ ಒಪ್ಪಿಕೊಂಡು ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ ಎಳೆದ. ಉಳಿದ ಮೂವತ್ತಾರರಲ್ಲಿ ಇಪ್ಪತ್ತೆರಡು ಮೇಷ್ಟ್ರವು, ಹದಿನಾಲ್ಕು ಆಕೆಯವೇ.

ಹೊರಡುವಾಗ ಆಕೆ ಕೇಳಿದಳು: "ಇಷ್ಟು ತಪ್ಪು ಇದ್ದ ಪುಸ್ತಕ ನೀವ್ಯಾಕ ಬಿಡ್ಲಿಲ್ರಿ?"

"ಮೊದಲನೇ ಪಾಠದಾಗ ನನ್ನ ಹೆಸರು ಪರದೆ ಮ್ಯಾಲ ಬಂತಲ್ರಿ" ಎಂದ ಕಾಸೀಮಸಾಬ. "ಅದು ಬಂದ್ಮ್ಯಾಲ, ಉಳಿದದ್ದು ಬರಲಿಲ್ಲ ಅಂದ್ರ ತಪ್ಪು ನನ್ನದ ಅಂತ ನನಗ ಅನಿಸಲಿಲ್ಲ."

ಬಸ್ಸಿನಲ್ಲಿ ಬರುವಾಗ ಆಕೆ, "ಅನುಷಾಗ ಹಂಗ ಅನ್ನಿಸಬೇಕಿತ್ತು ಸರ್. ಆಕಿಗೆ ನಾನ ಕಲಿಸಿದ್ದೆ. ಅದೊಂದ ಕಲಿಸಲಿಲ್ಲ" ಎಂದಳು.

ಪುಸ್ತಕವನ್ನು ಮೊದಲಿಂದ ಮತ್ತೆ ಬರೆದಳು. ನನ್ನ ಪದಗಳನ್ನೆಲ್ಲ ತೆಗೆದು ಬ್ರೌಸರ್, ಸರ್ವರ್ ಎಂದೇ ಇಟ್ಟಳು. ನನ್ನನ್ನು ಕೇಳಲಿಲ್ಲ, ನಾನೂ ತಕರಾರು ಮಾಡಲಿಲ್ಲ. 'ಹೇಳಿದಂತೆ ಬರಲಿಲ್ಲವೆಂದರೆ' ಎಂಬ ಹೊಸ ಪಾಠವನ್ನೇ ಮೊದಲಿಗೆ ಸೇರಿಸಿದಳು. ಬರೆದ ಪ್ರತಿ ಪಾಠ ಗಿಣಿಗೇರಾಕ್ಕೆ ಹೋಗಿ ವೇಬ್ರಿಡ್ಜಿನ ಕಂಪ್ಯೂಟರಿನಲ್ಲಿ ಪರೀಕ್ಷೆಯಾಗಿ ವಾಪಸ್ ಬರುತ್ತಿತ್ತು. ನಡುವೆ ಕಾರ್ಖಾನೆಯ ಮ್ಯಾನೇಜರ್ ಒಬ್ಬರು ಕೆಲಸದ ಕಂಪ್ಯೂಟರಿನಲ್ಲಿ ಬೇರೆ ಏನೂ ಮಾಡಕೂಡದೆಂದು ನಿಲ್ಲಿಸಿದರು. ಆಮೇಲೆ ಕಾಸೀಮಸಾಬ ವಾರಕ್ಕೊಂದು ದಿನ ಬಸ್ ಹಿಡಿದು ಗಂಗಾವತಿಯ ಕೇಂದ್ರಕ್ಕೇ ಬರತೊಡಗಿದ. ಹೀಗೆ ಎರಡು ವರ್ಷ ಹೋಯಿತು. ಪ್ರಕಾಶಕರ ಮುನ್ನುಡಿಯ ಕರಾರು ಆಕೆಗೆ ಹಿಡಿಸಲಿಲ್ಲ. 2012ರ ಜನವರಿಯಲ್ಲಿ ಕೇಂದ್ರದ ಹೆಸರಿನಲ್ಲೇ ಐನೂರು ಪ್ರತಿ ಅಚ್ಚಾಯಿತು. ಒಂದು ಸಾಲೂ ತಪ್ಪಿರಲಿಲ್ಲ.

ಆದರೆ ಆ ಹೊತ್ತಿಗೆ ವೆಬ್‌ಸೈಟ್ ಕಟ್ಟುವ ರೀತಿಯೇ ಬದಲಾಗಿತ್ತು. ಪುಸ್ತಕದಿಂದ ಕಲಿತ ಮೊದಲ ಬ್ಯಾಚಿನ ಹುಡುಗನೊಬ್ಬ, ಅದರಂತೆ ಮಾಡಿದ ವೆಬ್‌ಪುಟವನ್ನು ತನ್ನ ಮೊಬೈಲಿನಲ್ಲಿ ತೆರೆದು ತೋರಿಸಿದ. ಅಕ್ಷರಗಳು ಇರುವೆಯಷ್ಟು ಸಣ್ಣಗೆ, ಅರ್ಧ ಪುಟ ಪರದೆಯ ಆಚೆ. "ಇದು ಹಳೇ ಪದ್ಧತಿ ಅಲ್ಲೇನ್ರಿ ಮೇಡಂ?" ಎಂದ. ಅವನು ಹೇಳಿದ್ದು ಸರಿ. ಅರ್ಧ ಪುಸ್ತಕ ಹುಟ್ಟುವಾಗಲೇ ಹಳತಾಗಿತ್ತು. ಯಲಬುರ್ಗಾ, ಕುಷ್ಟಗಿ, ಕೊಪ್ಪಳ ಅಂತ ಮುನ್ನೂರು ಪ್ರತಿ ಹೋದವು. ಉಳಿದವು ಕೇಂದ್ರದ ಅಟ್ಟಕ್ಕೆ ಹೋದವು. ಕೇಂದ್ರ ಮುಚ್ಚಿದ ವರ್ಷ ಅಟ್ಟದಿಂದ ಇಳಿಸಿ ನೋಡಿದರೆ ಗೆದ್ದಲು ಹಿಡಿದಿತ್ತು.

ಅನುಷಾಗೆ ಒಂದು ಪ್ರತಿ ಕಳಿಸಿದ್ದಳು. ತಲುಪಿದ ಬಗ್ಗೆ ಸುದ್ದಿ ಬರಲಿಲ್ಲ. ಕಾಸೀಮಸಾಬ ಮಾತ್ರ ಕಲಿತದ್ದನ್ನು ಬಿಡಲಿಲ್ಲ. ಗೇಟಿನ ಹೊರಗೆ ಕಾಯುವ ಲಾರಿಗಳ ಸರದಿ ತೋರಿಸುವ ಒಂದು ಪುಟ ಮಾಡಿದ. ಮೊದಲು ತಡೆದ ಮ್ಯಾನೇಜರರು ವರ್ಗವಾಗಿ ಹೋದ ಮೇಲೆ ಕಾರ್ಖಾನೆಯವರೇ ಅದನ್ನು ಗೇಟಿನಲ್ಲಿ ಹಾಕಿಕೊಂಡರು. ಅವನ ಹೆಸರನ್ನು ಎಲ್ಲೂ ಹಾಕಲಿಲ್ಲ. "ಹಾಕಿದ್ರ ಏನ ಬರ್ತಿತ್ರಿ" ಎಂದು ನನ್ನೆದುರು ಅಂದ. ಮಾತಿನಲ್ಲಿ ಬೇಸರ ಇದ್ದೇ ಇತ್ತು.

ಈಗ ದುರ್ಗಾದೇವಿ ಕಾರಟಗಿಯಲ್ಲಿ, ಹೊಸ ತಾಲ್ಲೂಕು ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಆಪರೇಟರ್. ಹೋದ ವರ್ಷ ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋದಾಗ ಮಾತಾಡಿಸಿದೆ. ಕಿಟಕಿಯ ಮುಂದೆ ಜಾತಿ ಪ್ರಮಾಣಪತ್ರಕ್ಕೆ ಬಂದವರ ಸಾಲಿತ್ತು. ಪುಸ್ತಕವನ್ನು ಹೊಸದಾಗಿ ತಿದ್ದಿ ಮತ್ತೆ ಅಚ್ಚು ಹಾಕಿಸಬಾರದೇ, ನಾನು ಈ ಸಲ ನಿಜವಾಗಿಯೂ ಓದುತ್ತೇನೆ ಎಂದೆ.

"ಬ್ಯಾಡ್ರಿ ಸರ್" ಎಂದಳು, ಕೀಬೋರ್ಡಿನಿಂದ ಕೈ ತೆಗೆಯದೆ. "ತಿದ್ದೋದ್ರೊಳಗ ಮತ್ತ ಹಳೇದಾಕ್ಕೈತಿ. ನನಗ ಅದಕ್ಕ ಸಿಟ್ಟಿಲ್ಲ. ಎಂಟು ಮಂದ್ಯಾಗ ತೆರೀದ ಬಿಟ್ಟ ಆ ಆರು ಮಂದಿ ಒಮ್ಮಿ ತೆರದು ನೋಡಿದ್ದಿದ್ರ, ಪುಸ್ತಕ ಅದ ವರ್ಷ ಬಂದುಬಿಡ್ತಿತ್ತು. ಆವಾಗ ಅದು ಹೊಸಾದಿತ್ರಿ."

ಸಾಲಿನಲ್ಲಿ ಮುಂದೆ ನಿಂತ ಮುದುಕಿಯ ಕೈಯಿಂದ ಅರ್ಜಿ ಇಸಿದುಕೊಂಡು, ಹೆಸರು ಸರಿಯಾಗಿ ಹೇಳುವಂತೆ ಎರಡು ಸಲ ಕೇಳಿ, ಟೈಪ್ ಮಾಡಲು ಶುರುಮಾಡಿದಳು. ನಾನು ಪಕ್ಕಕ್ಕೆ ಸರಿದೆ.